ಇಂಚು, ಸೆಂಟು ಮತ್ತು ಐದು ದಿನದ ಮುನ್ಸೂಚನೆ

ನಮ್ಮ ಮನೆಯಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿಯೇ ಅಳೆಯುತ್ತೇವೆ. ಇಂಚಿಗೆ ನೂರು ಸೆಂಟು ಎಂಬ ಈ ಲೆಕ್ಕ ಪರಂಗಿ ಪ್ಲಾಂಟರುಗಳ ಕಾಲದಿಂದ ಉಳಿದು ಬಂದದ್ದು. ಶಾಲೆಯಲ್ಲಿ ಮಿಲಿಮೀಟರ್ ಕಲಿತ ಮಕ್ಕಳೂ ತೋಟದ ಕೆಲಸಕ್ಕೆ ಇಳಿದೊಡನೆ ಸೆಂಟಿಗೆ ಮರಳುತ್ತಾರೆ. ಮೂಡಿಗೆರೆಯ ಪೇಟೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು "ನಿಮ್ಮಲ್ಲಿ ಎಷ್ಟಾಯ್ತು?" ಎಂಬ ಪ್ರಶ್ನೆ ಬರುತ್ತದೆ, "ಎರಡು ನಲವತ್ತು" ಎಂಬ ಉತ್ತರ ಹೋಗುತ್ತದೆ, ಯಾವುದರ ಬಗ್ಗೆ ಮಾತು ಎಂದು ಯಾರೂ ವಿವರಿಸುವುದಿಲ್ಲ. ಬಣಕಲ್ ಸಮೀಪದ ನಮ್ಮ ಸಣ್ಣ ಕಾಫಿ ತೋಟದ ಅಂಗಳದಲ್ಲಿ ಒಂದು ಹಳೆಯ ಮಳೆ ಮಾಪಕವಿದೆ. ಪ್ರತಿ ಬೆಳಿಗ್ಗೆ ಎಂಟೂವರೆಗೆ ಅದರ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ ಪುಸ್ತಕದಲ್ಲಿ ಬರೆಯುವುದು ಅಪ್ಪನ ಕೆಲಸವಾಗಿತ್ತು, ಈಗ ನನ್ನದು. ಎಂಟೂವರೆಯೇ ಏಕೆಂದು ಚಿಕ್ಕಂದಿನಲ್ಲಿ ಕೇಳಿ ಬೈಸಿಕೊಂಡಿದ್ದೆ. ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನ ಬೆಳಗಿನ ಎಂಟೂವರೆಯಿಂದ ಮರುದಿನದ ಎಂಟೂವರೆಯವರೆಗೆ ಎಂಬುದು ಬಹಳ ವರ್ಷಗಳ ನಂತರ ತಿಳಿಯಿತು.

ಆ ಪುಸ್ತಕದ 2019ರ ಆಗಸ್ಟ್ ಪುಟದಲ್ಲಿ ಅಂಕಿ ಇರಬೇಕಾದ ಜಾಗದಲ್ಲಿ ಅಪ್ಪನ ಕೈಬರಹದಲ್ಲಿ "ತುಂಬಿ ಚೆಲ್ಲಿದೆ" ಎಂದಿದೆ. ಎಂಟು ಇಂಚು ಹಿಡಿಯುವ ಬಾಟಲಿ ಅದು. ಆಶ್ಲೇಷ ಮಳೆಯ ಆ ವಾರದಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಗುಡ್ಡ ಜಾರಿ ಗದ್ದೆ, ತೋಟ, ಮನೆಗಳು ಮಣ್ಣಿನಡಿ ಹೋದವು, ಚಾರ್ಮಾಡಿ ಘಾಟಿ ಕುಸಿದು ರಸ್ತೆ ತಿಂಗಳುಗಟ್ಟಲೆ ಮುಚ್ಚಿತು. ನಮ್ಮಲ್ಲಿ ಆದದ್ದು ಅದರ ಮುಂದೆ ಏನೂ ಅಲ್ಲ: ಮೇಲಿನ ಧರೆಯೊಂದು ಜಾರಿ ಸುಮಾರು ಅರ್ಧ ಎಕರೆ ಅರೇಬಿಕಾವನ್ನು ನೆರಳಿನ ಮರಗಳ ಸಮೇತ ಹೊಳೆಯ ಕಡೆಗೆ ಒಯ್ದಿತು. ತೋಟದ ಕೆಲಸಗಾರರ ಲೈನ್ ಮನೆಗಳಿಂದ ಆ ಮಣ್ಣು ಎಷ್ಟು ದೂರದಲ್ಲಿ ನಿಂತಿತೆಂಬುದನ್ನು ನಾನು ಹೆಜ್ಜೆ ಹಾಕಿ ಅಳೆದಿದ್ದೇನೆ. ಅರವತ್ತೊಂದು ಹೆಜ್ಜೆ.

ಅತಿ ಭಾರಿ ಮಳೆಯಾಗಲಿದೆ ಎಂಬ ಎಚ್ಚರಿಕೆ ಆ ವಾರ ಇರಲಿಲ್ಲವೇ ಎಂದರೆ, ಇತ್ತು. ಅದು ನಮಗೆ ತಲುಪಲಿಲ್ಲ, ಏಕೆಂದರೆ ಗಾಳಿಗೆ ಕಂಬಗಳು ಉರುಳಿ ಎರಡು ದಿನಗಳ ಹಿಂದೆಯೇ ಕರೆಂಟು ಹೋಗಿತ್ತು, ಬ್ಯಾಟರಿ ಮುಗಿದ ಮೇಲೆ ಮೊಬೈಲ್ ಗೋಪುರವೂ ಸುಮ್ಮನಾಗಿತ್ತು. ಹವಾಮಾನ ಮುನ್ಸೂಚನೆಯಿಂದ ರೈತರನ್ನು ವಿಕೋಪಗಳಿಂದ ಕಾಪಾಡುವ ಬಗ್ಗೆ ನಾನು ಓದುವ ಬರಹಗಳಲ್ಲಿ ಹೆಚ್ಚಿನವು ನಿಖರತೆಯನ್ನು ಕುರಿತೇ ಮಾತನಾಡುತ್ತವೆ. ಮುನ್ಸೂಚನೆ ದಿನ ಹತ್ತಿರವಾದಂತೆ ನಿಖರವಾಗುತ್ತ ಹೋಗುತ್ತದೆ ಎಂಬುದು ನಿಜ. ಐದನೆಯ ದಿನದ ಮಾತಿಗಿಂತ ನಾಳೆಯ ಮಾತು ಗಟ್ಟಿ, ನಾಳೆಯ ಮಾತಿಗಿಂತ ಇನ್ನು ಮೂರು ಗಂಟೆಯ ಮಾತು ಗಟ್ಟಿ. ಆದರೆ ಮಲೆನಾಡಿನ ಮಳೆಗಾಲದಲ್ಲಿ ದಿನ ಹತ್ತಿರವಾದಂತೆ ಆ ಮಾತು ನಮ್ಮ ಮನೆ ತಲುಪುವ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ, ತಲುಪಿದರೂ ಅದರ ಮೇಲೆ ಏನಾದರೂ ಮಾಡಲು ಕೈಗೆ ಆಳಾಗಲಿ ರಸ್ತೆಯಾಗಲಿ ಸಿಗುವುದಿಲ್ಲ. ಹೀಗಾಗಿ ಅಷ್ಟೇನೂ ಖಚಿತವಲ್ಲದ ಐದು ದಿನದ ಮುನ್ಸೂಚನೆಯೇ ನಮ್ಮಂಥವರಿಗೆ ಹೆಚ್ಚು ಉಪಯೋಗದ್ದು ಎಂಬ ತೀರ್ಮಾನಕ್ಕೆ ನಾನು ಆ ವರ್ಷದ ಬಳಿಕ ಬಂದಿದ್ದೇನೆ, ಮತ್ತು ಅದನ್ನು ಬಳಸುವ ಬಗೆಯನ್ನು ಏಳೆಂಟು ವರ್ಷಗಳಿಂದ ತಪ್ಪುತ್ತ, ತಿದ್ದಿಕೊಳ್ಳುತ್ತ ಕಲಿಯುತ್ತಿದ್ದೇನೆ.

ಮೊದಲು ಕಲಿಯಬೇಕಾಗಿ ಬಂದದ್ದು ಭಾಷೆಯನ್ನು. ಹವಾಮಾನ ಇಲಾಖೆ "ಭಾರಿ ಮಳೆ" ಎಂದರೆ ದಿನಕ್ಕೆ 64.5ರಿಂದ 115.5 ಮಿಲಿಮೀಟರ್, "ಅತಿ ಭಾರಿ" ಎಂದರೆ 115.6ರಿಂದ 204.4, ಅದಕ್ಕೂ ಮೇಲಾದರೆ "ಅತ್ಯಧಿಕ ಭಾರಿ". ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಜುಲೈ ತಿಂಗಳಲ್ಲಿ ಬಣಕಲ್, ಕೊಟ್ಟಿಗೆಹಾರದ ಕಡೆ ಎರಡೂವರೆ ಇಂಚಿನ ದಿನವನ್ನು ಯಾರೂ ಭಾರಿ ಎನ್ನುವುದಿಲ್ಲ. ಕಂಬಳಿಕೊಪ್ಪೆಯ ಜಾಗಕ್ಕೆ ಬಂದ ಪ್ಲಾಸ್ಟಿಕ್ ಹೊದ್ದು ಕೆಲಸ ಮುಂದುವರಿಸುತ್ತೇವೆ. ಅರಬ್ಬೀ ಸಮುದ್ರದಿಂದ ಬರುವ ಪಶ್ಚಿಮದ ಗಾಳಿ ಘಾಟಿಯ ಗೋಡೆಗೆ ಬಡಿದು ಮೇಲೇರಿ ತಣಿಯುವಾಗ ಸುರಿಯುವ ಮಳೆಯಿದು, ಪ್ರತಿವರ್ಷದ್ದು. ಒಡಿಶಾದ ಬಳಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾದರೆ ಅದು ಈ ಗಾಳಿಯನ್ನು ಇನ್ನಷ್ಟು ಬಲವಾಗಿ ಎಳೆದುಕೊಳ್ಳುವುದರಿಂದ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಆ ಸುದ್ದಿಯನ್ನು ಕೇಳಿ ನಾವು ಚರಂಡಿ ಬಿಡಿಸಲು ಹೊರಡುತ್ತೇವೆ. ಅಪ್ಪನಿಗೆ ಈ ವಿಜ್ಞಾನ ಗೊತ್ತಿರಲಿಲ್ಲ, ಆದರೆ ರೇಡಿಯೋದಲ್ಲಿ ಒಡಿಶಾದ ಹೆಸರು ಬಂದೊಡನೆ ಕಿವಿ ನೆಟ್ಟಗಾಗುತ್ತಿತ್ತು.

ಅದೇ ಎರಡೂವರೆ ಇಂಚು ಕಡೂರಿನಲ್ಲಿ ಬಿದ್ದರೆ ಕಥೆ ಬೇರೆ. ನನ್ನ ಅಕ್ಕನನ್ನು ಕಡೂರು ತಾಲ್ಲೂಕಿಗೆ ಕೊಟ್ಟಿದೆ. ತೆಂಗು, ರಾಗಿ, ಸ್ವಲ್ಪ ಈರುಳ್ಳಿ ಬೆಳೆಯುವ ಮನೆ. ನಮ್ಮಲ್ಲಿ ಒಂದು ಮಳೆಗಾಲದ ಕೆಲವೇ ವಾರಗಳಲ್ಲಿ ಬೀಳುವಷ್ಟು ಮಳೆ ಅವರಿಗೆ ವರ್ಷವಿಡೀ ಬಿದ್ದರೆ ಅದು ಒಳ್ಳೆಯ ವರ್ಷ. ಆದರೂ ನಾವಿಬ್ಬರೂ ಚಿಕ್ಕಮಗಳೂರು ಜಿಲ್ಲೆಯವರೇ, ಟಿವಿಯ ನಕಾಶೆಯಲ್ಲಿ ಜಿಲ್ಲೆಗೆ ಮಳೆ ಎಚ್ಚರಿಕೆಯ ಬಣ್ಣ ಬಳಿದಾಗ ಇಬ್ಬರ ಮನೆಯ ಮೇಲೂ ಒಂದೇ ಬಣ್ಣ. "ನಿಮ್ ಆರೆಂಜು ನೀವೇ ಇಟ್ಕೊಳ್ರೋ, ಇಲ್ಲಿ ಬಿಳೀ ಮೋಡಾನೂ ಇಲ್ಲ" ಎಂದು ಅಕ್ಕ ಪ್ರತಿ ಮಳೆಗಾಲ ಒಮ್ಮೆಯಾದರೂ ಫೋನಿನಲ್ಲಿ ಹೇಳುತ್ತಾಳೆ. ಹಾಸನದವರ ಪಾಡೂ ಇದೇ: ಸಕಲೇಶಪುರದ ಗುಡ್ಡ ಮತ್ತು ಅರಸೀಕೆರೆಯ ಬಯಲು ಒಂದೇ ಎಚ್ಚರಿಕೆಯ ಅಡಿಯಲ್ಲಿ. ಜಿಲ್ಲೆ ಎಂಬುದು ಕಂದಾಯ ವಸೂಲಿಗೆ ಮಾಡಿಕೊಂಡ ಗಡಿ, ಮೋಡಗಳು ಅದನ್ನು ಒಪ್ಪಿಕೊಂಡ ದಾಖಲೆ ಇಲ್ಲ.

ಸರಾಸರಿಯ ಇದೇ ತೊಂದರೆ ಇನ್ನೂ ದೊಡ್ಡ ಅಳತೆಯಲ್ಲಿ 2023ರಲ್ಲಿ ಕಂಡಿತು. ಆ ವರ್ಷ ಇಡೀ ದೇಶದ ಮುಂಗಾರು ಮಳೆ ದೀರ್ಘಕಾಲದ ಸರಾಸರಿಯ ಶೇ. 94ರಷ್ಟಾಯಿತು, ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ಹೇಳಿದ್ದು ಶೇ. 96, ಐದು ಅಂಶ ಹೆಚ್ಚು-ಕಡಿಮೆ ಎಂಬ ಷರತ್ತಿನೊಡನೆ. ಅಂಕಿಯ ಲೆಕ್ಕದಲ್ಲಿ ಮುನ್ಸೂಚನೆ ಗೆದ್ದಿತು. ಆದರೆ ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಹೆಚ್ಚಾಗಿ ನಮ್ಮ ಮುಂಗಾರನ್ನು ಕುಂದಿಸುವ ಸ್ಥಿತಿ) ಇದ್ದ ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಗಿತ್ತು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಭಾವ ಆ ವರ್ಷ ರಾಗಿಯನ್ನು ಎರಡು ಸಲ ಬಿತ್ತಿ ಎರಡು ಸಲವೂ ಕಳೆದುಕೊಂಡರು. ದೇಶದ ಶೇ. 94 ಅವರ ಹೊಲದಲ್ಲಿ ಎಲ್ಲಿ ಬಿದ್ದಿತ್ತೆಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಅಳತೆಯನ್ನು ಚಿಕ್ಕದು ಮಾಡುವ ಕೆಲಸ ನಡೆದಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 2024ರ ಅಕ್ಟೋಬರ್‌ನಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಐದು ದಿನಗಳ ಮುನ್ಸೂಚನೆಯನ್ನು ಕೇಂದ್ರ ಸರ್ಕಾರ ಆರಂಭಿಸಿತು. 2025ರ ಮೇ ತಿಂಗಳಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಸಿದ್ಧಪಡಿಸಿದ ಭಾರತ್ ಮುನ್ಸೂಚನಾ ವ್ಯವಸ್ಥೆ ಬಳಕೆಗೆ ಬಂದು, ಅದುವರೆಗೆ ಹನ್ನೆರಡು ಕಿಲೋಮೀಟರ್ ಇದ್ದ ಲೆಕ್ಕದ ಚೌಕ ಆರು ಕಿಲೋಮೀಟರಿಗೆ ಇಳಿಯಿತು. ಅಂದರೆ ಮೊದಲು 144 ಚದರ ಕಿಲೋಮೀಟರಿಗೆ ಒಂದೇ ಉತ್ತರ ಕೊಡುತ್ತಿದ್ದ ಗಣಕಯಂತ್ರ ಈಗ 36 ಚದರ ಕಿಲೋಮೀಟರಿಗೆ ಒಂದು ಉತ್ತರ ಕೊಡುತ್ತದೆ. ಬಯಲುಸೀಮೆಗೆ ಇದು ದೊಡ್ಡ ಹೆಜ್ಜೆ. ನಮ್ಮ ಕಡೆ ಆರು ಕಿಲೋಮೀಟರಿನೊಳಗೆ ಒಂದು ಗುಡ್ಡದ ನೆತ್ತಿ, ಅದರ ಮಳೆ ಬೀಳುವ ಮಗ್ಗುಲು, ಮಳೆ ತಪ್ಪುವ ಮಗ್ಗುಲು ಮೂರೂ ಇರುತ್ತವೆ. ಹೊಳೆಯಾಚೆಯ ತೋಟಕ್ಕೂ ನಮ್ಮದಕ್ಕೂ ಒಂದೇ ದಿನ ಎಂಬತ್ತು ಸೆಂಟಿನ ವ್ಯತ್ಯಾಸ ಬಂದ ಉದಾಹರಣೆಗಳು ಪುಸ್ತಕದಲ್ಲಿ ಬೇಕಾದಷ್ಟಿವೆ, ಆದ್ದರಿಂದ ಕೊನೆಯ ಆರು ಕಿಲೋಮೀಟರಿನ ಲೆಕ್ಕ ನಮ್ಮದೇ ಎಂದು ನಾನು ಒಪ್ಪಿಕೊಂಡಿದ್ದೇನೆ. ಮುನ್ಸೂಚನೆ ಇಷ್ಟು ಹೇಳಿದಾಗ ನಮ್ಮ ಬಾಟಲಿಯಲ್ಲಿ ಎಷ್ಟು ಬಿತ್ತು ಎಂಬುದನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತ ಬಂದರೆ ಮೂರು ಮಳೆಗಾಲ ಕಳೆಯುವುದರೊಳಗೆ ಒಂದು ಅಂದಾಜು ಸಿಗುತ್ತದೆ. ಪಶ್ಚಿಮದ ಗಾಳಿಯ ಮಳೆಗೆ ನಮ್ಮ ಅಂಗಳ ಮುನ್ಸೂಚನೆಗಿಂತ ಸುಮಾರು ಮೂರನೆಯ ಒಂದು ಭಾಗ ಹೆಚ್ಚು ಪಡೆಯುತ್ತದೆ, ಪೂರ್ವದ ಗುಡುಗಿನ ಮಳೆಗೆ ಯಾವ ಲೆಕ್ಕವೂ ಹತ್ತುವುದಿಲ್ಲ.

ಭಾಷೆಯ ವಿಷಯದಲ್ಲಿ ಇನ್ನೊಂದು ಮಾತು. ಆಕಾಶವಾಣಿಯ ಪ್ರಕಟಣೆಯಲ್ಲಿ ಬರುವ "ಕೆಲವೆಡೆ ಮಳೆಯಾಗುವ ಸಂಭವವಿದೆ" ಎಂಬುದನ್ನು ಹಾಸ್ಯ ಮಾಡದ ಕನ್ನಡಿಗನಿಲ್ಲ. ಎಲ್ಲೋ ಒಂದು ಕಡೆ ಬಂದೇ ಬರುತ್ತದೆ, ಅದನ್ನು ಹೇಳಲು ಇಲಾಖೆ ಏಕೆ ಬೇಕು ಎಂದು ನಾನೂ ನಕ್ಕವನೇ. ಆ ಪದಗಳಿಗೆ ಗೊತ್ತಾದ ಅರ್ಥವಿದೆ ಎಂದು ತಿಳಿದ ದಿನ ನಗು ನಿಂತಿತು. ಒಂದೆರಡು ಕಡೆ ಎಂದರೆ ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಕಾಲು ಭಾಗದೊಳಗೆ, ಕೆಲವೆಡೆ ಎಂದರೆ ಕಾಲು ಭಾಗದಿಂದ ಅರ್ಧ, ಹಲವೆಡೆ ಎಂದರೆ ಅರ್ಧದಿಂದ ಮುಕ್ಕಾಲು, ಬಹುತೇಕ ಕಡೆ ಎಂದರೆ ಮುಕ್ಕಾಲಿಗೂ ಮೇಲೆ. ಇದನ್ನು ಪ್ರತಿ ಮಳೆಗಾಲದ ಆರಂಭದಲ್ಲಿ ಒಮ್ಮೆ ಓದಿ ಹೇಳಿದರೆ ಎಷ್ಟೋ ಮಂದಿಗೆ ಆ ವಾಕ್ಯ ಮೊದಲ ಬಾರಿಗೆ ಕೇಳಿಸೀತು.

ಈ ಭಾಗಲೆಕ್ಕ ನಮ್ಮ ಕಣಕ್ಕೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಹೆಚ್ಚು ಕಳೆದುಕೊಂಡದ್ದು ಇಲ್ಲಿಯೇ. ಕೊಯ್ದ ಅರೇಬಿಕಾ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿ, ತೊಳೆದು, ಹೊಟ್ಟಿನ ಸಮೇತ ಉಳಿಯುವ ಬೀಜವಾದ ಪಾರ್ಚ್‌ಮೆಂಟನ್ನು ಕಣದಲ್ಲಿ ಹರವಿದರೆ ಒಳ್ಳೆಯ ಬಿಸಿಲಿನಲ್ಲಿಯೂ ಒಣಗಲು ವಾರ, ಹತ್ತು ದಿನ ಬೇಕು. 2021ರ ಜನವರಿ ಮೊದಲ ವಾರದಲ್ಲಿ ಕಾಫಿ ನಾಡಿನ ಮೇಲೆ ಅಕಾಲದ ಮಳೆ ಸುರಿಯಿತು. ಹಿಂದಿನ ದಿನದ ಮುನ್ಸೂಚನೆ ನನ್ನ ಮೊಬೈಲಿನಲ್ಲಿತ್ತು: ಒಂದೆರಡು ಕಡೆ ಹಗುರ ಮಳೆ. ಜನವರಿಯಲ್ಲಿ ಎಂಥ ಮಳೆ ಎಂದು ನಾನು, "ಗೌಡ್ರೇ, ಮುಚ್ಚಿಬಿಡೋಣ" ಎಂದ ಮೇಸ್ತ್ರಿಯನ್ನು ಮನೆಗೆ ಕಳುಹಿಸಿದೆ. ರಾತ್ರಿ ಎರಡು ಗಂಟೆಗೆ ಹೆಂಚಿನ ಮೇಲೆ ಸದ್ದಾದಾಗ ಟಾರ್ಪಾಲು ಎಳೆಯಲು ಇದ್ದವರು ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಆರು ದಿನ ಒಣಗಿದ್ದ ಪಾರ್ಚ್‌ಮೆಂಟ್ ನೆನೆದು, ಮರುದಿನವೂ ಬಿಸಿಲು ಬಾರದೆ, ಬೂಸ್ಟು ಹಿಡಿದು ವಾಸನೆ ಬಂದಿತು. ಗಿಡದಲ್ಲಿದ್ದ ರೊಬಸ್ಟಾ ಹಣ್ಣು ಒಡೆದು ಉದುರಿದ್ದು ಬೇರೆ.

ಆ ರಾತ್ರಿಯ ಬಳಿಕ ಕುಳಿತು ಒಂದು ಲೆಕ್ಕ ಮಾಡಿದೆ. ಸಂಜೆ ಕಣದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿ, ಬೆಳಿಗ್ಗೆ ಮತ್ತೆ ಹರವಲು ಹೆಚ್ಚುವರಿ ಕೂಲಿ ಸುಮಾರು ಸಾವಿರ ರೂಪಾಯಿ. ನೆನೆದು ದರ್ಜೆ ಇಳಿದರೆ ನಷ್ಟ ಇಪ್ಪತ್ತು ಸಾವಿರಕ್ಕೆ ಕಡಿಮೆಯಿಲ್ಲ. ಅಂದಮೇಲೆ ಇಪ್ಪತ್ತು ಸಂಜೆ ಮುಚ್ಚಿ ಹತ್ತೊಂಬತ್ತು ಸಲ ಆಕಾಶದಲ್ಲಿ ನಕ್ಷತ್ರ ಕಂಡರೂ, ಇಪ್ಪತ್ತನೆಯ ಸಲ ಮಳೆ ಬಂದರೆ ಕೂಲಿ ಹಣ ವಾಪಸು ಬಂದಂತೆಯೇ. ನೂರಕ್ಕೆ ಐದರಷ್ಟು ಮಳೆಯ ಸಾಧ್ಯತೆ ಇದ್ದರೂ ಕಣ ಮುಚ್ಚಬೇಕು. ಒಂದೆರಡು ಕಡೆ ಎಂಬ ಮಾತು ಅದಕ್ಕೆ ಸಾಕೋ ಸಾಕು. ಮುನ್ಸೂಚನೆ ಸುಳ್ಳಾಯಿತೆಂದು ಮಾರನೆಯ ದಿನ ಬೈಯುವ ಅಭ್ಯಾಸವನ್ನು ಈ ಲೆಕ್ಕ ಬಿಡಿಸಿತು. ಹತ್ತೊಂಬತ್ತು ಸಲ ಬಾರದ ಮಳೆ ಆ ಲೆಕ್ಕದೊಳಗೇ ಸೇರಿದೆ. ಅದೇ ವರ್ಷದ ನವೆಂಬರಿನಲ್ಲಿ ಕಾಫಿ ಜಿಲ್ಲೆಗಳಲ್ಲೆಲ್ಲ ದಿನಗಟ್ಟಲೆ ಮಳೆ ಹಿಡಿದು ಕೊಯ್ಲಿಗೆ ಬಂದ ಹಣ್ಣು ನೆಲದ ಪಾಲಾದಾಗ, ಗಿಡದ ಮೇಲಿನದನ್ನು ಉಳಿಸಿಕೊಳ್ಳಲು ಆಗದಿದ್ದರೂ ಕಣದಲ್ಲಿದ್ದದ್ದನ್ನು ಉಳಿಸಿಕೊಂಡೆವು.

ಹೂಮಳೆಯ ಕಾಲಕ್ಕೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಒಂದರಿಂದ ಒಂದೂವರೆ ಇಂಚು ಮಳೆ ಒಟ್ಟಿಗೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಬಿಳಿಯಾಗುತ್ತದೆ, ಅದಾದ ಎರಡು ಮೂರು ವಾರಗಳೊಳಗೆ ಕಾಯಿ ಕಟ್ಟಲು ಬ್ಯಾಕಿಂಗ್ ಮಳೆ ಬೇಕು. ನಲವತ್ತು ಸೆಂಟು ಬಿದ್ದು ನಿಂತುಬಿಟ್ಟರೆ ಮೊಗ್ಗು ಎಚ್ಚರವಾಗಿಯೂ ಅರಳದೆ ಕೆಡುತ್ತದೆ. ಅದಕ್ಕಿಂತ ಬೀಳದಿರುವುದೇ ಮೇಲು. ಸ್ಪ್ರಿಂಕ್ಲರ್ ಇರುವವರು ಕೂಡಲೇ ಉಳಿದ ನೀರು ಕೊಟ್ಟು ಸರಿದೂಗಿಸಬಹುದು, ಆದರೆ ಡೀಸೆಲ್ ಸುರಿದು, ಬತ್ತುತ್ತಿರುವ ಹೊಂಡದ ನೀರನ್ನೆಲ್ಲ ಎತ್ತಿ ಹಾಯಿಸಿದ ಮೂರನೆಯ ದಿನ ಎರಡು ಇಂಚು ಮಳೆ ಬಂದರೆ ಬೇಸಿಗೆಯ ಉಳಿದ ದಿನಗಳಿಗೆ ಹೊಂಡ ಖಾಲಿ. ಇಲ್ಲಿ ಐದರ ಸಾಧ್ಯತೆಗೆ ಕಾಯುತ್ತ ಕೂರಲಾಗದು. ಮುಂದಿನ ಐದು ದಿನದಲ್ಲಿ ಹಲವೆಡೆ ಮಳೆ ಎಂಬ ಮಾತು ಬಂದರೆ ಮಾತ್ರ ನಾನು ಪಂಪು ನಿಲ್ಲಿಸುತ್ತೇನೆ. ಬೇಸಿಗೆಯ ಗುಡುಗುಮಳೆಯನ್ನು ಹೇಳುವುದು ಮುಂಗಾರಿಗಿಂತ ಬಹಳ ಕಷ್ಟ, ಒಂದು ಮೋಡ ಒಂದು ಊರಿನ ಮೇಲೆ ಕಟ್ಟಿ ಒಂದು ಗಂಟೆಯಲ್ಲಿ ಮುಗಿಯುವ ಆಟ ಅದು, ಹಾಗಾಗಿ ಎರಡು ವರ್ಷ ಈ ನಿರ್ಧಾರ ತಪ್ಪಿ ಹೂ ಕಳೆದುಕೊಂಡಿದ್ದೇನೆ. ಮೂರು ವರ್ಷ ಡೀಸೆಲ್ ಉಳಿದಿದೆ.

ಮಳೆಗಾಲದ ನಡುವೆ ಮುನ್ಸೂಚನೆಯನ್ನು ನೋಡುವುದು ಮಳೆಗಾಗಿ ಅಲ್ಲ, ಹೊಳವಿಗಾಗಿ, ಅಂದರೆ ಮಳೆ ಬಿಡುವು ಕೊಡುವ ದಿನಕ್ಕಾಗಿ. ಕಾಫಿಯ ಎಲೆ ಮತ್ತು ಕಾಯಿ ಕಪ್ಪಾಗಿ ಕೊಳೆತು ದಾರದಂಥ ಬೂಸ್ಟಿನಲ್ಲಿ ನೇತಾಡುವ ಕೊಳೆರೋಗ ನಮ್ಮ ತಗ್ಗಿನ ಪಟ್ಟೆಗಳಲ್ಲಿ ಜುಲೈ, ಆಗಸ್ಟ್‌ಗಳಲ್ಲಿ ಹಬ್ಬುತ್ತದೆ. ವಿಜ್ಞಾನಿಗಳು ಈ ಶಿಲೀಂಧ್ರಕ್ಕೆ ಲ್ಯಾಟಿನ್ ಹೆಸರಿಡುವಾಗ "ಕೊಳೆರೋಗ" ಎಂಬ ನಮ್ಮ ಪದವನ್ನೇ ಅದರೊಳಗೆ ಸೇರಿಸಿಕೊಂಡರು ಎಂಬುದು ಹೆಮ್ಮೆ ಪಡಬೇಕೋ ಬೇಡವೋ ತಿಳಿಯದ ಸಂಗತಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮೊದಲೊಮ್ಮೆ, ಮಳೆಯ ನಡುವೆ ಹೊಳವು ಸಿಕ್ಕಾಗ ಮತ್ತೊಮ್ಮೆ ಹೊಡೆಯಬೇಕು. ಅಡಿಕೆ, ಮೆಣಸಿಗೂ ಅದೇ ದ್ರಾವಣ. ಕಲಸಿದ ದಿನವೇ ಮುಗಿಸಬೇಕು, ಹೊಡೆದ ಮೇಲೆ ಎಲೆಯ ಮೇಲೆ ಒಣಗಲು ಕೆಲವು ಗಂಟೆ ಬೇಕು, ಇಲ್ಲವಾದರೆ ತುತ್ತವೆಲ್ಲ ಹಳ್ಳ ಸೇರುತ್ತದೆ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಸಲಹಾ ಪ್ರಕಟಣೆಯನ್ನು ನಾನು ತಪ್ಪದೆ ಓದುವುದು ಈ ಒಂದೇ ಕಾರಣಕ್ಕೆ. ನಮ್ಮ ಭಾಗದ ಘಟಕ ಮೂಡಿಗೆರೆಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿದೆ, ಅಲ್ಲಿ ಕಾಫಿ, ಅಡಿಕೆ, ಮೆಣಸು, ಏಲಕ್ಕಿಯ ಮಾತು ನೇರವಾಗಿ ಬರುತ್ತದೆ.

ಹಾಸನದ ಸ್ನೇಹಿತರೊಬ್ಬರು ಇದೇ ಪ್ರಕಟಣೆಯನ್ನು ಬೇರೆ ಕಣ್ಣಿನಿಂದ ಓದುತ್ತಾರೆ. ಜಲಂಧರದಿಂದ ಬಿತ್ತನೆಗಡ್ಡೆ ತರಿಸಿ ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುವುದು ಹಾಸನದ ಹಳೆಯ ರೂಢಿ, ಆ ಬೆಳೆಗೆ ಅಂಗಮಾರಿ ಬಿದ್ದರೆ ವಾರದೊಳಗೆ ಹೊಲ ಸುಟ್ಟಂತಾಗುತ್ತದೆ. ಮೋಡ ಕವಿದ ತಂಪಿನ ದಿನಗಳು, ಬಿಡದ ತೇವ, ಜಿನುಗು ಮಳೆ ಮುಂದಿವೆ ಎಂದು ತಿಳಿದರೆ ರೋಗ ಕಾಣುವ ಮೊದಲೇ ಮ್ಯಾಂಕೋಜೆಬ್ ಹೊಡೆಯುತ್ತಾರೆ. ಕಂಡ ಮೇಲೆ ಹೊಡೆದರೆ ಮನಸ್ಸಿನ ಸಮಾಧಾನಕ್ಕೆ ಎನ್ನುವುದು ಅವರ ಅನುಭವ. ಅವರಿಗೆ ಮಳೆಯ ಪ್ರಮಾಣಕ್ಕಿಂತ ಗಾಳಿಯ ತೇವಾಂಶದ ಕಾಲಮ್ಮೇ ಮುಖ್ಯ. ಅಕ್ಕನ ಮನೆಯವರಿಗೆ ಏಪ್ರಿಲ್, ಮೇ ತಿಂಗಳ ಸಿಡಿಲಿನದೇ ಭಯ. ಬಯಲಿನಲ್ಲಿ ಕುರಿ ಕಾಯುವ ಹುಡುಗರ ಮೊಬೈಲಿಗೆ ಭಾವ ತಾವೇ "ದಾಮಿನಿ" ಆ್ಯಪ್ ಹಾಕಿಕೊಟ್ಟಿದ್ದಾರೆ. ಅರ್ಧ ಗಂಟೆಯ ಮುಂಚಿನ ಸೂಚನೆ ಸಾಕಾಗುವ ವಿಕೋಪ ಅದೊಂದೇ ಇರಬೇಕು, ಒಂಟಿ ಮರದ ಅಡಿಯಿಂದ ಊರಿಗೆ ಓಡಲು ಅಷ್ಟು ಹೊತ್ತು ಬೇಕು.

ಬಿತ್ತನೆಗೆ ಹಾಗಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ಬಳಿಕ ಅಷ್ಟು ಬೇಗ ಬಂದದ್ದು ಅದೇ ಮೊದಲು. ಮೇ ಕೊನೆಗೆ ಅರ್ಧ ದಾರಿಯಲ್ಲಿ ನಿಂತು ಜೂನ್ ಮಧ್ಯದವರೆಗೆ ಮುಂದಕ್ಕೆ ಕದಲಲಿಲ್ಲ. ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಆಧರಿಸಿ 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ಮೊಬೈಲಿಗೆ ಕೃಷಿ ಸಚಿವಾಲಯ ವಾರಗಳ ಮುಂಚೆಯೇ ಕಳುಹಿಸಿದ ಸಂದೇಶಗಳಲ್ಲಿ ಈ ತಡೆಯ ಸುಳಿವೂ ಇತ್ತು. ಮೊದಲ ಮಳೆಗೆ ಮೋಸಹೋಗಿ ಬೀಜ ಚೆಲ್ಲುವ ರೈತನಿಗೆ ಇದಕ್ಕಿಂತ ಉಪಕಾರದ ಮಾತಿಲ್ಲ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎಂಬ ಗಾದೆಯೂ ಜೂನ್ ಕೊನೆಯ ಮಳೆ ಹಿಡಿದ ಮೇಲೆಯೇ ನೆಚ್ಚಿಕೋ ಎಂದೇ ಹೇಳುತ್ತಿತ್ತು. ನಕ್ಷತ್ರದ ಲೆಕ್ಕವನ್ನು ನಾನು ತಳ್ಳಿಹಾಕುವವನಲ್ಲ, ಅದು ಹದಿಮೂರು, ಹದಿನಾಲ್ಕು ದಿನಗಳ ಒಂದೊಂದು ಅವಧಿಗೆ ಎಂಥ ಮಳೆ ರೂಢಿಯೆಂದು ಹೇಳುವ ಹಳೆಯ ಸರಾಸರಿ; ರೂಢಿ ತಪ್ಪುವ ವರ್ಷಗಳು ಹೆಚ್ಚಾದಾಗ ಅದೂ ಶೇ. 94ರಂತೆಯೇ ಕೈಕೊಡುತ್ತದೆ.

ಮತ್ತೆ ಗುಡ್ಡದ ವಿಷಯಕ್ಕೆ ಬರುತ್ತೇನೆ. ಮಣ್ಣು ಜಾರುವುದು ಒಂದು ದಿನದ ಮಳೆಗಲ್ಲ. ಹಲವು ದಿನಗಳಿಂದ ನೀರು ಕುಡಿದು ಕುಡಿದು ತೂಕವಾದ ಗುಡ್ಡಕ್ಕೆ ಕೊನೆಯ ಕೆಲವು ಗಂಟೆಗಳ ಸುರಿತ ನೆಪವಾಗುತ್ತದೆ. ಆದ್ದರಿಂದ ಪುಸ್ತಕದಲ್ಲಿ ಈಗ ದಿನದ ಅಂಕಿಯ ಪಕ್ಕ ಮೂರು ದಿನಗಳ ಮೊತ್ತವನ್ನೂ ಬರೆಯುತ್ತೇನೆ, ಮಳೆ ಜೋರಾದ ದಿನ ಬಾಟಲಿಯನ್ನು ಸಂಜೆಯೂ ಒಮ್ಮೆ ಅಳೆದು ಖಾಲಿ ಮಾಡುತ್ತೇನೆ, "ತುಂಬಿ ಚೆಲ್ಲಿದೆ" ಎಂದು ಮತ್ತೆ ಬರೆಯುವಂತಾಗಬಾರದು. ಐದು ದಿನದ ಮುನ್ಸೂಚನೆಯಲ್ಲಿ ಅತಿ ಭಾರಿ ಎಂಬ ಪದ ಎಲ್ಲಿಯಾದರೂ ಕಂಡರೆ ಆ ದಿನವೇ ಕೆಲಸ ಶುರು: ಡೀಸೆಲ್, ಅಕ್ಕಿ, ಅಮ್ಮನ ಬಿಪಿ ಮಾತ್ರೆ ತರುವುದು, ಲೈನಿನಲ್ಲಿರುವ ಬಾಣಂತಿಯರು, ವಯಸ್ಸಾದವರನ್ನು ಮೂಡಿಗೆರೆಯ ನೆಂಟರ ಮನೆಗೆ ಕಳುಹಿಸುವುದು, ಮೇಲಿನ ಇಳಿಜಾರಿನ ತೊಟ್ಟಿಲು ಗುಂಡಿಗಳ ನೀರು ಬದಿಯ ಹಳ್ಳಕ್ಕೆ ಹರಿದುಹೋಗುವಂತೆ ಬಾಯಿ ಬಿಡಿಸುವುದು. ನೀರು ಇಂಗಲೆಂದು ಮಾಡಿದ ಗುಂಡಿಯನ್ನು ಕೈಯಾರೆ ಒಡೆಯುವುದು ಅಪ್ಪನಿಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಎರಡು ದಿನ ಉಳಿದಾಗ ಮುನ್ಸೂಚನೆ ಬದಲಾಗದಿದ್ದರೆ ಕಣಿವೆಯ ಕೆಲಸ ನಿಲ್ಲಿಸುತ್ತೇವೆ. ಅಲ್ಲಿಂದ ಮುಂದೆ ನನ್ನ ಬಾಟಲಿಯೇ ಮುನ್ಸೂಚನೆ: ಮೂರು ದಿನದ ಮೊತ್ತ ಹದಿನೈದು ಇಂಚು ದಾಟಿದರೆ ಲೈನಿನವರೆಲ್ಲ ನಮ್ಮ ಕಾಫಿ ಗೋದಾಮಿಗೆ ಬಂದು ಮಲಗುತ್ತಾರೆ. ಹದಿನೈದು ಎಂಬುದು ಯಾವ ಶಾಸ್ತ್ರದ್ದೂ ಅಲ್ಲ, 2019ರ ಪುಟವನ್ನು ನೋಡಿ ನಾನು ಎಳೆದುಕೊಂಡ ಗೆರೆ. ಅಂಕಿಯ ಜೊತೆಗೆ ಒರತೆಯ ನೀರು ಕೆಂಪಾಯಿತೇ, ಹೊಸ ಜಾಗದಲ್ಲಿ ಜಲ ಎದ್ದಿತೇ, ಸಿಲ್ವರ್ ಮರಗಳು ಒಂದು ಕಡೆಗೆ ವಾಲಿದವೇ ಎಂದು ಮೇಸ್ತ್ರಿ ದಿನಕ್ಕೆರಡು ಸಲ ನೋಡಿ ಬರುತ್ತಾನೆ. ಗೆರೆ ದಾಟದಿದ್ದರೂ ಅವನು ಬೇಡವೆಂದರೆ ಆ ರಾತ್ರಿ ಯಾರೂ ಲೈನಿನಲ್ಲಿ ಮಲಗುವುದಿಲ್ಲ. ಕಳೆದ ಐದು ಮಳೆಗಾಲಗಳಲ್ಲಿ ಏಳು ರಾತ್ರಿ ಹೀಗೆ ಗೋದಾಮಿನಲ್ಲಿ ಕಳೆದಿವೆ, ಒಮ್ಮೆಯೂ ಗುಡ್ಡ ಜಾರಲಿಲ್ಲ. ಮೂರನೆಯ ಸಲ "ಸುಮ್ನೆ ನಿದ್ದೆ ಕೆಡಿಸ್ತೀರಿ ಗೌಡ್ರೇ" ಎಂದ ಮುದುಕಿಗೆ ಕಣ ಮುಚ್ಚುವ ಲೆಕ್ಕವನ್ನೇ ಹೇಳಿದೆ. ಒಪ್ಪಿದಳೋ ಇಲ್ಲವೋ, ನಾಲ್ಕನೆಯ ಸಲ ಚಾಪೆ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಬಂದಳು.

ಒಂದು ಮಾತು ಕಹಿಯಾಗಿಯೇ ಹೇಳಬೇಕಿದೆ. ದೇಶದ 199 ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳ ಆಶ್ರಯದಲ್ಲಿ ಆರಂಭವಾಗಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಲಾಯಿತು. ಮುನ್ಸೂಚನೆಯ ಅಂಕಿಯನ್ನು "ಈ ವಾರ ಮೆಣಸಿನ ಬುಡಕ್ಕೆ ಮಣ್ಣು ಏರಿಸಬೇಡಿ" ಎಂಬ ವಾಕ್ಯವಾಗಿ ಬದಲಿಸುವವರು ಇಂಥ ಕಡೆ ಕೂರುವ ಮನುಷ್ಯರು. ಗಣಕಯಂತ್ರಕ್ಕೆ ಕೋಟಿಗಳನ್ನು ಸುರಿದು ಈ ವಾಕ್ಯ ಬರೆಯುವವರ ಸಂಬಳದಲ್ಲಿ ಉಳಿತಾಯ ಹುಡುಕಿದ್ದು ನನಗೆ ಇಂದಿಗೂ ಅರ್ಥವಾಗಿಲ್ಲ. ಇನ್ನೊಂದು ಕಡೆ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗೊಂದರಂತೆ ನಿಲ್ಲಿಸಿರುವ ಸ್ವಯಂಚಾಲಿತ ಮಳೆ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುತ್ತವೆ, "ವರುಣಮಿತ್ರ" ಸಹಾಯವಾಣಿಗೆ ರಾತ್ರಿ ಕರೆ ಮಾಡಿದರೂ ಕನ್ನಡದಲ್ಲಿ ಉತ್ತರ ಸಿಗುತ್ತದೆ. ಘಾಟಿಯ ಮೇಲಿನ ಪಂಚಾಯಿತಿಯಲ್ಲಿ ಕಳೆದ ಮೂರು ಗಂಟೆಯಲ್ಲಿ ಎಷ್ಟು ಬಿದ್ದಿತೆಂದು ತಿಳಿದರೆ ಹೊಳೆ ಯಾವಾಗ ಏರುತ್ತದೆಂಬುದನ್ನು ಹಳಬರು ಹೇಳಬಲ್ಲರು. ಅಡಿಕೆ, ಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯೂ ಈ ಮಾಪಕಗಳ ಅಂಕಿಯನ್ನೇ ನಂಬಿ ನಡೆಯುತ್ತದೆ, ಆದ್ದರಿಂದ ಒಂದು ಮಾಪಕ ಕೆಟ್ಟು ನಿಂತರೆ ಇಡೀ ಪಂಚಾಯಿತಿಯ ಪರಿಹಾರ ಅಂದಾಜಿನ ಮೇಲೆ ನಿಲ್ಲುತ್ತದೆ. ನಮ್ಮ ಪಕ್ಕದ ಪಂಚಾಯಿತಿಯೊಂದರ ಮಾಪಕದ ಕೊಳವೆಯೊಳಗೆ ಒಂದು ಮಳೆಗಾಲವಿಡೀ ಕಣಜ ಗೂಡು ಕಟ್ಟಿಕೊಂಡಿತ್ತು. ಅಲ್ಲಿನವರಿಗೆ ದಾಖಲೆಯ ಪ್ರಕಾರ ಆ ವರ್ಷ ಮಳೆಯೇ ಆಗಲಿಲ್ಲ.

ಇದನ್ನು ಬರೆಯುತ್ತಿರುವುದು ಪುಷ್ಯ ಮಳೆಯ ನಡುವೆ. ಬೆಳಗಿನ ಅಳತೆ ಮೂರು ಇಂಚು ಹನ್ನೆರಡು ಸೆಂಟು, ಮೂರು ದಿನದ ಮೊತ್ತ ಎಂಟು ನಲವತ್ತು, ಕರೆಂಟು ನಿನ್ನೆ ಸಂಜೆಯಿಂದ ಇಲ್ಲ. ಶುಕ್ರವಾರದ ಪ್ರಕಟಣೆಯಲ್ಲಿ ಭಾನುವಾರ, ಸೋಮವಾರ ಮಳೆಯ ಬಿರುಸು ಕಡಿಮೆಯಾಗಿ ಒಂದೆರಡು ಕಡೆಗೆ ಇಳಿಯಬಹುದೆಂದಿದೆ. ಮೈಲುತುತ್ತ ತಂದು ಒಣಗಿದ ಜಾಗದಲ್ಲಿಟ್ಟಿದ್ದೇವೆ, ಸುಣ್ಣ ಡಬ್ಬಿಯಲ್ಲಿ ಭದ್ರವಾಗಿದೆ, ಔಷಧಿ ಹೊಡೆಯುವವರಿಗೆ ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ ಎಂದು ಹೇಳಿ ಕಳುಹಿಸಿದೆ. "ಹೊಳ ಆದ್ರೆ ಬರ್ತೀವಿ" ಎಂದರಂತೆ.